ಕತ್ತಲ ದಾರಿಗೆ ತಲೆದೀಪ: ಒಂದು ವರ್ಷ ಬಳಸಿದ ಮೇಲೆ ಬರೆದ ವಿಮರ್ಶೆ

ರಾತ್ರಿ ಪಾಳಿ ಮುಗಿಸಿ ಬಸ್ಸಿಳಿದ ಮೇಲೆ ಮನೆ ಸೇರುವುದಕ್ಕೆ ನಾನು ಮುಕ್ಕಾಲು ಗಂಟೆ ಒಬ್ಬಳೇ ನಡೆಯಬೇಕು. ಬೀದಿದೀಪವಿಲ್ಲದ ಆ ದಾರಿಯ ಒಂದು ಮಗ್ಗುಲಿಗೆ ಪೊದೆಗಾಡು, ಇನ್ನೊಂದು ಮಗ್ಗುಲಿಗೆ ಹೊಲ. ನಡುವೆ ಎರಡು ಮೋರಿಗಳು ಮತ್ತು ಎದುರಿಗೆ ಏನಿದೆಯೆಂದು ಕಾಣದ ಮೂರು ತಿರುವುಗಳಿವೆ. ಹಾವು, ಕಾಡುಹಂದಿ, ಚಿರತೆ ಮೂರೂ ಅಲ್ಲಿ ಓಡಾಡುತ್ತವೆ. ಮೊಬೈಲಿನ ಬೆಳಕನ್ನೇ ನಂಬಿ ಎಷ್ಟೋ ದಿನ ನಡೆದ ಮೇಲೆ, ಕಳೆದ ವರ್ಷ ತಲೆಗೆ ಕಟ್ಟುವ ಟಾರ್ಚೊಂದನ್ನು ಕೊಂಡೆ. ಅಂದಿನಿಂದ ವಾರಕ್ಕೆ ಐದು ರಾತ್ರಿಯಂತೆ ಅದನ್ನು ಬಳಸಿದ್ದೇನೆ. ತಯಾರಕರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ, ಏಕೆಂದರೆ ಇಂಥದೇ ದೀಪಗಳು ಬೇರೆ ಬೇರೆ ಹೆಸರುಗಳಲ್ಲಿ ಸಿಗುತ್ತವೆ, ಮತ್ತು ನಾನು ಹೇಳಹೊರಟಿರುವ ಗುಣದೋಷಗಳು ಈ ಬಗೆಯ ದೀಪಗಳಿಗೆಲ್ಲ ಬಹುಮಟ್ಟಿಗೆ ಹೊಂದುತ್ತವೆ. ದೀಪ ಒಳ್ಳೆಯದು, ಕೊಂಡದ್ದಕ್ಕೆ ನನಗೆ ಸಂತೋಷವಿದೆ. ಆದರೆ ಅದನ್ನು ಹಣೆಗೆ ಕಟ್ಟಿಕೊಂಡ ಮಾತ್ರಕ್ಕೆ ದಾರಿ ಕಾಣುತ್ತದೆ ಎಂದುಕೊಂಡದ್ದು ನನ್ನ ತಪ್ಪಾಗಿತ್ತು. ಆ ತಪ್ಪು ಇನ್ನೊಬ್ಬರಿಂದ ಆಗಬಾರದೆಂದೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ವಸ್ತುವಿನ ಪರಿಚಯ. ಅಲ್ಯೂಮಿನಿಯಮ್ಮಿನ ಮೈ, ಹೆಬ್ಬೆರಳಿಗಿಂತ ಕೊಂಚ ದಪ್ಪ. ಒಳಗೆ 18650 ಎಂಬ ಅಳತೆಯ ಒಂದೇ ಲಿಥಿಯಂ ಬ್ಯಾಟರಿ. 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ ಎನ್ನುವುದೇ ಆ ಸಂಖ್ಯೆಯ ಅರ್ಥ. ಬ್ಯಾಟರಿ ಸೇರಿ ತೂಕ ಸುಮಾರು 120 ಗ್ರಾಂ. ಹಿಗ್ಗುವ ಬಟ್ಟೆಯ ಪಟ್ಟಿ, ಪಟ್ಟಿಯ ಮುಂಭಾಗದಲ್ಲಿ ರಬ್ಬರಿನ ಎರಡು ಬಳೆಗಳು. ದೀಪವನ್ನು ಆ ಬಳೆಗಳಿಂದ ಎಳೆದು ಬಿಡಿಸಿದರೆ ಅದೇ ಕೈಟಾರ್ಚ್ ಆಗುತ್ತದೆ. ಕೊಳ್ಳುವಾಗ ನಾನು ಈ ಸಂಗತಿಯನ್ನು ಗಮನಿಸಿಯೂ ಇರಲಿಲ್ಲ. ಈಗ ನನ್ನ ಮಟ್ಟಿಗೆ ಈ ದೀಪದ ಅತ್ಯಂತ ಬೆಲೆಯುಳ್ಳ ಗುಣ ಇದೇ.

ಪೆಟ್ಟಿಗೆಯ ಮೇಲೆ 400 ಲೂಮೆನ್, 100 ಮೀಟರ್, 40 ಗಂಟೆ ಎಂದು ದೊಡ್ಡ ಅಕ್ಷರದಲ್ಲಿ ಬರೆದಿದೆ. ಮೂರೂ ಸುಳ್ಳಲ್ಲ, ಆದರೆ ಕೊಳ್ಳುವವರು ಈ ಅಂಕಿಗಳನ್ನು ಓದುವ ಬಗೆಯನ್ನು ತಿಳಿದಿರಬೇಕು. ಲೂಮೆನ್ ಎನ್ನುವುದು ದೀಪದಿಂದ ಹೊರಬರುವ ಒಟ್ಟು ಬೆಳಕಿನ ಲೆಕ್ಕ. ಆ ಬೆಳಕು ಎತ್ತ ಚೆಲ್ಲುತ್ತದೆ ಎನ್ನುವುದನ್ನು ಅದು ಹೇಳುವುದಿಲ್ಲ. ಎಷ್ಟು ದೂರ ತಲುಪುತ್ತದೆ ಎಂಬುದಕ್ಕೆ ಟಾರ್ಚ್ ತಯಾರಕರು ಅನುಸರಿಸುವ ಎಫ್‌ಎಲ್ 1 ಎಂಬ ಅಳತೆಯ ಕ್ರಮವೊಂದಿದೆ, 2009ರಲ್ಲಿ ರೂಪುಗೊಂಡದ್ದು. ಅದರ ಪ್ರಕಾರ, ಬೆಳಕು 0.25 ಲಕ್ಸ್‌ಗೆ ಇಳಿಯುವ ಜಾಗವೇ ದೀಪದ ದೂರ. ಅಂದರೆ ತಿಳಿಯಾದ ಆಕಾಶದ ಹುಣ್ಣಿಮೆಯ ಬೆಳದಿಂಗಳಷ್ಟು ಬೆಳಕು. ಬೆಳದಿಂಗಳಲ್ಲಿ ದಾರಿ ಕಾಣಬಹುದು, ಆದರೆ ನೂರು ಮೀಟರ್ ಆಚೆ ಪೊದೆಯ ಮಗ್ಗುಲಲ್ಲಿ ನಿಂತಿರುವುದು ಕರುವೋ ಚಿರತೆಯೋ ಎಂದು ಹೇಳಲು ಬರುವುದಿಲ್ಲ. ದೂರ ಅರ್ಧವಾದರೆ ಬೆಳಕು ನಾಲ್ಕು ಪಟ್ಟಾಗುತ್ತದೆ, ಕಾಲು ಭಾಗವಾದರೆ ಹದಿನಾರು ಪಟ್ಟು. ಆದ್ದರಿಂದ ಪೆಟ್ಟಿಗೆಯ ಮೇಲೆ 100 ಮೀಟರ್ ಎಂದಿದ್ದರೆ ನಾನು ಅದನ್ನು 25 ಮೀಟರ್ ಎಂದೇ ಓದುತ್ತೇನೆ. ನನ್ನ ದೀಪ ಆ 25 ಮೀಟರಿನವರೆಗೆ ನಿಜಕ್ಕೂ ಚೆನ್ನಾಗಿ ತೋರಿಸುತ್ತದೆ. ಕಲ್ಲು, ಗುಂಡಿ, ಬಿದ್ದ ಕೊಂಬೆ, ಬೇಲಿಯ ಕಂಬ ಎಲ್ಲವೂ ಬೇರೆಬೇರೆಯಾಗಿ ಕಾಣುತ್ತವೆ. ದಾರಿ ನಡೆಯುವ ವೇಗದಲ್ಲಿ ಅಷ್ಟು ದೂರ ಕ್ರಮಿಸಲು ಸುಮಾರು 18 ಸೆಕೆಂಡು ಬೇಕು. ನಿಲ್ಲುವುದಕ್ಕೂ ಯೋಚಿಸುವುದಕ್ಕೂ ಅದು ಸಾಕು.

40 ಗಂಟೆ ಎನ್ನುವ ಮಾತು ಬೇರೆ. ಅದು ಅತ್ಯಂತ ಮಂದ ಬೆಳಕಿನ ಲೆಕ್ಕ, 400 ಲೂಮೆನ್ನಿನದಲ್ಲ. ಸಾಲದ್ದಕ್ಕೆ, ಅದೇ ಎಫ್‌ಎಲ್ 1 ಕ್ರಮದಲ್ಲಿ ಬೆಳಕು ಮೊದಲಿನ ಶೇ 10ಕ್ಕೆ ಇಳಿಯುವವರೆಗೂ ದೀಪ ಉರಿಯುತ್ತಿದೆ ಎಂದೇ ಎಣಿಸುತ್ತಾರೆ. ನನ್ನ ದೀಪವನ್ನು ಪೂರ್ಣ ಪ್ರಕಾಶದಲ್ಲಿ ಹೊತ್ತಿಸಿದರೆ ಏಳೆಂಟು ನಿಮಿಷದಲ್ಲಿ ಮೈ ಬಿಸಿಯಾಗಿ, ತನ್ನಷ್ಟಕ್ಕೆ ತಾನೇ ಬೆಳಕು ತಗ್ಗಿಸಿಕೊಳ್ಳುತ್ತದೆ. ಇದು ದೋಷವಲ್ಲ, ಬ್ಯಾಟರಿಯನ್ನು ಕಾಪಾಡುವ ಉಪಾಯ. ಆದರೂ ತಿರುವಿನಲ್ಲಿ ನಿಂತಿರುವಾಗ ಎದುರಿನ ಬೆಳಕು ಒಮ್ಮೆಲೇ ಕುಗ್ಗಿದರೆ ಎದೆ ಝಲ್ಲೆನ್ನುತ್ತದೆ. ನಡುವಿನ ಹಂತವಾದ 150 ಲೂಮೆನ್ನಿನಲ್ಲಿ ಮಾತ್ರ ಐದು ಗಂಟೆಗೂ ಹೆಚ್ಚು ಹೊತ್ತು ಒಂದೇ ಸಮನೆ ಉರಿಯುತ್ತದೆ. ಪ್ರತಿದಿನದ ನಡಿಗೆಗೆ ನಾನು ಬಳಸುವುದು ಅದನ್ನೇ. ಪೂರ್ಣ ಪ್ರಕಾಶ ತಿರುವುಗಳಿಗೆ, ಮೋರಿಗಳಿಗೆ, ಸಂಶಯ ಬಂದ ಕ್ಷಣಕ್ಕೆ ಮೀಸಲು.

ಈಗ ನಾನು ತಪ್ಪು ತಿಳಿದಿದ್ದ ವಿಷಯಕ್ಕೆ ಬರುತ್ತೇನೆ. ದೀಪ ಕೊಂಡ ಎರಡನೆಯ ತಿಂಗಳು, ಮಳೆ ಬಂದು ನಿಂತ ಒಂದು ರಾತ್ರಿ, ಮೊದಲನೆಯ ಮೋರಿ ದಾಟಿ ಹತ್ತು ಹೆಜ್ಜೆ ಹೋಗಿರಬಹುದು. ದಾರಿಯ ತುಂಬ ಎಲೆ, ಕಡ್ಡಿ, ಒದ್ದೆ ತೊಗಟೆ. ದೀಪ ಹಣೆಯ ಮೇಲೆ ಉರಿಯುತ್ತಿತ್ತು. ಎಲ್ಲವೂ ಬೆಳ್ಳಗೆ ಕಾಣುತ್ತಿತ್ತು, ಯಾವುದೂ ಎದ್ದು ಕಾಣುತ್ತಿರಲಿಲ್ಲ. ಪಟ್ಟಿ ಸಡಿಲವಾಗಿ ದೀಪ ಹುಬ್ಬಿನ ಮೇಲೆ ಜಾರಿತೆಂದು ಅದನ್ನು ಬಿಡಿಸಿ ಕೈಯಲ್ಲಿ ಹಿಡಿದೆ. ಕೈ ಸೊಂಟದ ಮಟ್ಟಕ್ಕೆ ಇಳಿಯಿತು. ಆ ಗಳಿಗೆಯಲ್ಲಿ ನೆಲದ ಮೇಲಿದ್ದ ಪ್ರತಿಯೊಂದು ಕಡ್ಡಿಗೂ ಉದ್ದನೆಯ ನೆರಳು ಮೂಡಿತು. ನನ್ನ ಮುಂದೆ ಎರಡು ಮಾರು ದೂರದಲ್ಲಿ, ಕಡ್ಡಿಯೆಂದೇ ಅಂದುಕೊಂಡಿದ್ದ ಒಂದರ ನೆರಳು ಮಾತ್ರ ದುಂಡಗೆ, ದಪ್ಪಗೆ, ಬಳುಕಿಕೊಂಡಿತ್ತು. ಕಪ್ಪು ಮೈ, ಅದರ ಮೇಲೆ ಬಿಳಿಯ ತೆಳ್ಳನೆಯ ಅಡ್ಡಪಟ್ಟೆಗಳು. ಕಟ್ಟುಹಾವು. ಅದು ಅಲುಗಾಡಲೇ ಇಲ್ಲ. ನಾನು ನಿಂತಲ್ಲಿಯೇ ಹಿಂದಕ್ಕೆ ನಾಲ್ಕು ಹೆಜ್ಜೆ ಸರಿದು, ಅದು ತಾನಾಗಿ ದಾರಿ ದಾಟಿ ಹೋಗುವವರೆಗೂ ಕಾದೆ. ಕೈ ಮಾತ್ರ ಬಹಳ ಹೊತ್ತು ನಡುಗುತ್ತಿತ್ತು.

ಇದರ ಕಾರಣ ಸರಳವಾದದ್ದು. ಬೆಳಕು ಕಣ್ಣಿನ ಪಕ್ಕದಿಂದಲೇ ಹೊರಟರೆ, ವಸ್ತುವಿನ ನೆರಳು ವಸ್ತುವಿನ ಹಿಂದೆಯೇ ಅಡಗಿಕೊಳ್ಳುತ್ತದೆ. ನಮ್ಮ ಕಣ್ಣಿಗೆ ಅದು ಬೀಳುವುದೇ ಇಲ್ಲ. ನೆರಳಿಲ್ಲದಿದ್ದರೆ ಉಬ್ಬುತಗ್ಗುಗಳ ಅಂದಾಜು ಸಿಗದೆ, ನೆಲವೆಲ್ಲ ಚಿತ್ರ ಬರೆದ ಹಾಳೆಯಂತೆ ಚಪ್ಪಟೆಯಾಗಿ ತೋರುತ್ತದೆ. ಬೆಳಕಿನ ಮೂಲ ಕೆಳಗಿಳಿದು ಓರೆಯಾಗಿ ಬಿದ್ದಾಗ ಮಾತ್ರ ಹಾವಿನ ಮೈಯ ದುಂಡು ಕಾಣುತ್ತದೆ. ಅಂದಿನಿಂದ ನಾನು ನೆಲ ನೋಡುವ ದೀಪವನ್ನು ಸೊಂಟಕ್ಕಿಂತ ಮೇಲೆ ತರುವುದಿಲ್ಲ. ಹಾವುಗಳು ಕಚ್ಚುವುದು ಹೆಚ್ಚಾಗಿ ಪಾದಕ್ಕೆ ಮತ್ತು ಕಣಕಾಲಿಗೆ. ತಿಳಿಯದೆ ತುಳಿದಾಗ, ಇಲ್ಲವೇ ತೀರ ಹತ್ತಿರ ಹೆಜ್ಜೆಯಿಟ್ಟಾಗ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ ಜಗತ್ತಿನಾದ್ಯಂತ ವರ್ಷಕ್ಕೆ 81,000ದಿಂದ 1,38,000 ಜನ ಹಾವು ಕಚ್ಚಿ ಸಾಯುತ್ತಾರೆ. 2017ರಲ್ಲಿ ಆ ಸಂಸ್ಥೆ ಹಾವು ಕಡಿತವನ್ನು ನಿರ್ಲಕ್ಷಿತ ಉಷ್ಣವಲಯದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಕತ್ತಲಲ್ಲಿ ಒಬ್ಬರೇ ನಡೆಯುವವರು ಚಿರತೆಯನ್ನು ನೆನೆದು ಹೆದರುತ್ತಾರೆ. ಕಾಲ ಬುಡದಲ್ಲಿರುವುದನ್ನು ಮರೆಯುತ್ತಾರೆ. ನಾನೂ ಹಾಗೆಯೇ ಇದ್ದೆ.

ಹಾಗಾದರೆ ಹಣೆಯ ಮೇಲೆ ದೀಪ ಬೇಡವೇ? ಬೇಕು, ಆದರೆ ಬೇರೊಂದು ಕೆಲಸಕ್ಕೆ. ಬೆಕ್ಕು, ನಾಯಿ, ಜಿಂಕೆ, ಚಿರತೆ, ಪುನುಗು ಬೆಕ್ಕು ಮುಂತಾದ ಅನೇಕ ಪ್ರಾಣಿಗಳ ಕಣ್ಣಿನ ಒಳಗೋಡೆಯ ಹಿಂದೆ ಕನ್ನಡಿಯಂಥ ಒಂದು ಪದರವಿದೆ. ವಿಜ್ಞಾನದಲ್ಲಿ ಅದನ್ನು ಟೆಪೀಟಮ್ ಲೂಸಿಡಮ್ ಎನ್ನುತ್ತಾರೆ. ಮಂದ ಬೆಳಕನ್ನು ಎರಡನೆಯ ಬಾರಿ ಕಣ್ಣಿನ ಕೋಶಗಳ ಮೂಲಕ ಹಾಯಿಸಿ ರಾತ್ರಿಯ ನೋಟವನ್ನು ಹೆಚ್ಚಿಸುವುದು ಅದರ ಕೆಲಸ. ನಮ್ಮ ದೀಪದ ಬೆಳಕು ಅದರ ಮೇಲೆ ಬಿದ್ದರೆ, ಬಂದ ದಿಕ್ಕಿಗೇ ತಿರುಗಿ ಹೋಗುತ್ತದೆ. ಬೆಳಕಿನ ಮೂಲವೂ ನಮ್ಮ ಕಣ್ಣೂ ಒಂದೇ ಸಾಲಿನಲ್ಲಿದ್ದರೆ ಮಾತ್ರ ಆ ಹೊಳಪು ನಮಗೆ ಚೆನ್ನಾಗಿ ಕಾಣುವುದು; ಸೊಂಟದ ಬಳಿ ಹಿಡಿದ ಟಾರ್ಚಿನ ಹೊಳಪು ಬಹುಪಾಲು ಸೊಂಟದ ಕಡೆಗೇ ಹಿಂದಿರುಗುತ್ತದೆ. ಹೀಗಾಗಿ ಪೊದೆಯಂಚಿನಲ್ಲಿ ಕಣ್ಣುಗಳನ್ನು ಹುಡುಕುವುದಕ್ಕೆ ಹಣೆಯ ದೀಪಕ್ಕಿಂತ ಒಳ್ಳೆಯದಿಲ್ಲ. ದೀಪದ ಬೆಳಕು ಪ್ರಾಣಿಯ ಮೈಯನ್ನು ತೋರಿಸಲಾರದಷ್ಟು ದೂರದಲ್ಲಿಯೂ ಕಣ್ಣುಗಳು ಮಿನುಗುತ್ತವೆ.

ಕಳೆದ ಚಳಿಗಾಲದಲ್ಲಿ ಎರಡನೆಯ ತಿರುವಿನ ಬಳಿ ಹಾಗೆ ಎರಡು ಕಣ್ಣು ಕಂಡವು. ಹಳದಿ ಕಲೆತ ಹಸಿರು, ನೆಲದಿಂದ ಮೊಣಕಾಲೆತ್ತರ, ಎರಡರ ನಡುವೆ ನಾಲ್ಕು ಬೆರಳಿನಷ್ಟು ಅಂತರವಿದ್ದಂತೆ ತೋರಿತು. ಒಮ್ಮೆ ಮುಚ್ಚಿ ತೆರೆದವು. ನಾನು ನಿಂತೆ, ನೆಟ್ಟಗೆ ನಿಂತೆ, ಜೋರಾಗಿ ಮಾತಾಡಲು ತೊಡಗಿದೆ. ಬಾಯಿಗೆ ಬಂದದ್ದು ತರಕಾರಿಯ ಲೆಕ್ಕ. ಬೆನ್ನು ತಿರುಗಿಸದೆ ಒಂದೊಂದೇ ಹೆಜ್ಜೆ ಹಿಂದೆ ಸರಿದು, ಹೊಲದ ಕಡೆಯ ಬಯಲಿಗೆ ಬಂದೆ. ಕಣ್ಣುಗಳು ಸ್ವಲ್ಪ ಹೊತ್ತು ಅಲ್ಲೇ ಇದ್ದು, ಒಮ್ಮೆಲೇ ಆರಿಹೋದವು. ಅದು ಚಿರತೆಯೋ ನಾಯಿಯೋ ನನಗೆ ಇಂದಿಗೂ ಗೊತ್ತಿಲ್ಲ. ಕಣ್ಣಿನ ಬಣ್ಣ ನೋಡಿ ಪ್ರಾಣಿಯನ್ನು ಹೇಳಬಹುದು ಎನ್ನುವ ಮಾತನ್ನು ನಂಬಬೇಡಿ. ನೋಡುವ ಕೋನ, ದೂರ, ದೀಪದ ಬಣ್ಣ ಬದಲಾದಂತೆ ಒಂದೇ ಪ್ರಾಣಿಯ ಕಣ್ಣು ಹಸಿರಾಗಿಯೂ ಕೆಂಪಾಗಿಯೂ ಕಾಣುತ್ತದೆ. ಎತ್ತರ, ಕಣ್ಣುಗಳ ನಡುವಿನ ಅಂತರ, ಚಲಿಸುವ ರೀತಿ ಇವು ತುಸು ಹೆಚ್ಚು ಸುಳಿವು ಕೊಡುತ್ತವೆ. ಆದರೆ ಇಪ್ಪತ್ತೈದು ಹೆಜ್ಜೆ ಮೊದಲೇ ನಿಲ್ಲುವ ಅವಕಾಶ ಸಿಕ್ಕಿತಲ್ಲ, ಅದು ಈ ದೀಪದಿಂದ. ಮೊಬೈಲಿನ ಬೆಳಕಿನಲ್ಲಿ ನಾನು ನೇರವಾಗಿ ಅದರ ಎದುರಿಗೇ ಹೋಗಿ ನಿಲ್ಲುತ್ತಿದ್ದೆ.

ಕಣ್ಣು ಹೊಳೆಯಲಿಲ್ಲವೆಂದರೆ ಪ್ರಾಣಿಯಿಲ್ಲ ಎಂದು ಅರ್ಥವಲ್ಲ. ಕಾಡುಹಂದಿಯ ಕಣ್ಣಿನಲ್ಲಿ ಆ ಕನ್ನಡಿಯ ಪದರವಿಲ್ಲ. ಹಾವಿನ ಕಣ್ಣೂ ಹೀಗೆ ಮಿನುಗುವುದಿಲ್ಲ. ಆ ಪದರವಿರುವ ಪ್ರಾಣಿಯೂ ಮುಖ ಆಚೆ ತಿರುಗಿಸಿ ಮೇಯುತ್ತಿದ್ದರೆ ಏನೂ ಕಾಣದು. ಹಂದಿಯ ವಿಷಯದಲ್ಲಿ ಕಿವಿಯೇ ದೀಪ. ಮಣ್ಣು ಕೆದಕುವ ಸದ್ದು, ಗೊರಗೊರ ಸ್ವರ, ಮರಿಗಳ ಕೀಚಲು ಕೇಳಿಸಿದರೆ, ಅದರಲ್ಲೂ ಮರಿಗಳಿದ್ದರೆ, ತಾಯಿಗೂ ಮರಿಗಳಿಗೂ ನಡುವೆ ಹೋಗದೆ ಬಂದ ದಾರಿಯಲ್ಲಿಯೇ ಹಿಂದಿರುಗಬೇಕು. ಕಿವಿಯೊಳಗೆ ಹಾಡು ಕೇಳುವ ತಂತಿ ಸಿಕ್ಕಿಸಿಕೊಂಡು ಕತ್ತಲಲ್ಲಿ ನಡೆಯುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಆನೆಯ ವಿಷಯದಲ್ಲಿ ದೀಪವನ್ನು ನಂಬುವುದು ಇನ್ನೂ ಕಷ್ಟ. 2003ರಲ್ಲಿ ಥಾಯ್ಲೆಂಡಿನ ಆನೆಗಳ ಓಟವನ್ನು ಅಳೆದವರು ದಾಖಲಿಸಿದ ವೇಗ ಗಂಟೆಗೆ ಸುಮಾರು 24 ಕಿಲೋಮೀಟರ್. ನನ್ನ ದೀಪ ಚೆನ್ನಾಗಿ ತೋರಿಸುವ 25 ಮೀಟರನ್ನು ಅದು ನಾಲ್ಕು ಸೆಕೆಂಡಿನೊಳಗೆ ದಾಟಿಬಿಡುತ್ತದೆ. ಆನೆ ಓಡಾಡುವ ದಾರಿಯಲ್ಲಿ ಒಬ್ಬರೇ ರಾತ್ರಿ ನಡೆಯದಿರುವುದೇ ಸರಿ; ಅನಿವಾರ್ಯವಾದರೆ ಕೊಂಬೆ ಮುರಿಯುವ ಸದ್ದು, ಹಸಿ ಲದ್ದಿ, ಅದರ ವಾಸನೆ ಇವನ್ನು ಗಮನಿಸಬೇಕು. ಎದುರಿಗೆ ಕಂಡರೆ ಅದರ ಮುಖಕ್ಕೆ ಬೆಳಕು ಹಿಡಿದು ನಿಲ್ಲಬಾರದು, ಕಿರುಚಬಾರದು. ಬೆಳಕನ್ನು ನೆಲಕ್ಕೆ ತಗ್ಗಿಸಿ, ಸದ್ದಿಲ್ಲದೆ ಹಿಂದೆ ಸರಿದು ದೂರವನ್ನು ಹೆಚ್ಚಿಸಿಕೊಳ್ಳಬೇಕು. ಚಿರತೆಯ ಎದುರು ದೊಡ್ಡವರಾಗಿ ಕಾಣಬೇಕು, ದನಿಯೆತ್ತಬೇಕು; ಆನೆಯ ಎದುರು ಹಾಗಲ್ಲ. ಓಡಬಾರದು, ಬಗ್ಗಬಾರದು, ಕುಕ್ಕರುಗಾಲಿನಲ್ಲಿ ಕೂರಬಾರದು ಎನ್ನುವುದು ಚಿರತೆಯ ಮಟ್ಟಿಗೆ ಬಹಳ ಮುಖ್ಯ, ಏಕೆಂದರೆ ಬಗ್ಗಿದ ಮನುಷ್ಯನ ಆಕಾರ ಅದರ ಸಹಜ ಬೇಟೆಯ ಆಕಾರಕ್ಕೆ ಹತ್ತಿರವಾಗುತ್ತದೆ. ಚಪ್ಪಲಿಯ ಪಟ್ಟಿ ಬಿಚ್ಚಿದರೂ ಬಯಲು ಸಿಗುವವರೆಗೆ ತಡೆದುಕೊಳ್ಳಿ.

ದೀಪದ ಬಣ್ಣದ ವಿಚಾರ ಸಣ್ಣದೆಂದು ತೋರಬಹುದು, ಆದರೆ ಅಲ್ಲ. ನನ್ನ ದೀಪದ್ದು ನೀಲಿ ಬೆರೆತ ಬಿಳಿ. ತಣ್ಣನೆಯ ಈ ಬೆಳಕಿನಲ್ಲಿ ಕಂದು, ಮಣ್ಣುಗೆಂಪು, ಒಣ ಹಳದಿ ಎಲ್ಲವೂ ಒಂದೇ ಬೂದು ಬಣ್ಣಕ್ಕೆ ತಿರುಗುತ್ತವೆ. ಒಣಗಿದ ಎಲೆಯ ನಡುವೆ ಸುರುಳಿ ಸುತ್ತಿ ಮಲಗಿದ ಕೊಳಕುಮಂಡಲವನ್ನು ಗುರುತಿಸುವುದಕ್ಕೆ ಬೇಕಾದದ್ದು ಈ ಬಣ್ಣಗಳ ನಡುವಿನ ವ್ಯತ್ಯಾಸವೇ. ಬಣ್ಣಗಳನ್ನು ಎಷ್ಟು ನಿಷ್ಠೆಯಿಂದ ತೋರಿಸುತ್ತದೆ ಎನ್ನುವುದಕ್ಕೆ ಸಿಆರ್‌ಐ ಎಂಬ ಅಂಕವಿದೆ, ಅದರ ಗರಿಷ್ಠ 100. ಸಾಮಾನ್ಯ ಟಾರ್ಚುಗಳದ್ದು 70ರ ಆಸುಪಾಸಿನಲ್ಲಿರುತ್ತದೆ; 90ಕ್ಕೆ ಮೇಲ್ಪಟ್ಟ, ತುಸು ಹಳದಿ ಬೆಳಕಿನ ದೀಪ ಸಿಕ್ಕರೆ, ಲೂಮೆನ್ ಕಡಿಮೆಯಿದ್ದರೂ ಅದನ್ನೇ ಆರಿಸಿ. ನಾನು ಇನ್ನೊಮ್ಮೆ ಕೊಂಡರೆ ಹಾಗೆಯೇ ಮಾಡುತ್ತೇನೆ. ಹಳದಿ ಬೆಳಕಿಗೆ ಹುಳಗಳು ಮುತ್ತುವುದೂ ಕಡಿಮೆ. ಮಳೆಗಾಲದ ಮೊದಲ ವಾರಗಳಲ್ಲಿ ನನ್ನ ಹಣೆಯ ಸುತ್ತ ಈಸಲುಹುಳಗಳ ಮೋಡವೇ ಸುತ್ತುತ್ತಿತ್ತು, ಕಣ್ಣು ಬಿಡುವುದೇ ಕಷ್ಟವಾಗುತ್ತಿತ್ತು.

ಕೆಂಪು ಬೆಳಕಿನ ಹಂತವೊಂದಿದೆ. ಕತ್ತಲಿಗೆ ಕಣ್ಣು ಪೂರ್ತಿಯಾಗಿ ಹೊಂದಿಕೊಳ್ಳಲು ಅರ್ಧ ಗಂಟೆಯಷ್ಟು ಹೊತ್ತು ಬೇಕು; ಬಿಳಿಯ ಬೆಳಕು ಆ ಹೊಂದಾಣಿಕೆಯನ್ನು ಕ್ಷಣದಲ್ಲಿ ಕೆಡಿಸುತ್ತದೆ, ಮಂದವಾದ ಕೆಂಪು ಅಷ್ಟಾಗಿ ಕೆಡಿಸುವುದಿಲ್ಲ. ಚೀಲದಲ್ಲಿ ಬೀಗದ ಕೈ ಹುಡುಕುವುದಕ್ಕೆ ಅದು ಚೆನ್ನ. ನಡೆಯುವುದಕ್ಕೆ ಖಂಡಿತ ಬೇಡ. ಕೆಂಪು ಬೆಳಕಿನಲ್ಲಿ ನೆಲದ ಬಣ್ಣಗಳೆಲ್ಲ ಅಳಿಸಿಹೋಗುತ್ತವೆ. ಅಲ್ಲದೆ ಜಿಂಕೆ, ನಾಯಿ, ಬೆಕ್ಕುಗಳ ಜಾತಿಯ ಪ್ರಾಣಿಗಳಿಗೆ ಕೆಂಪು ಸರಿಯಾಗಿ ಕಾಣುವುದಿಲ್ಲವಾದ್ದರಿಂದ, ನಾವು ಬರುತ್ತಿರುವ ಸುಳಿವೂ ಅವಕ್ಕೆ ಸಿಗುವುದಿಲ್ಲ. ಒಬ್ಬರೇ ನಡೆಯುವವರು ಪ್ರಾಣಿಗಳಿಗೆ ಮೊದಲೇ ಗೊತ್ತಾಗುವಂತೆ ನಡೆಯಬೇಕು, ಕದ್ದು ನಡೆಯಬಾರದು.

ದೀಪದ ಬಗ್ಗೆ ನನಗಿರುವ ದೊಡ್ಡ ದೂರು ಗುಂಡಿಯದು. ಒಂದೇ ಗುಂಡಿ. ಒತ್ತಿದಂತೆಲ್ಲ ಪೂರ್ಣ, ನಡುವಿನದು, ಮಂದ, ಕೆಂಪು, ಮಿಣಮಿಣ ಎಂದು ಸರದಿಯಲ್ಲಿ ಬದಲಾಗುತ್ತದೆ. ನಡುವಿನ ಹಂತದಿಂದ ಪೂರ್ಣ ಪ್ರಕಾಶಕ್ಕೆ ಹೋಗಬೇಕಾದರೆ ಮಂದ, ಕೆಂಪು, ಮಿಣಮಿಣ ಎಲ್ಲವನ್ನೂ ದಾಟಬೇಕು. ಅಂದರೆ ಎಲ್ಲಕ್ಕಿಂತ ಹೆಚ್ಚು ಬೆಳಕು ಬೇಕಾದ ಕ್ಷಣದಲ್ಲಿ ದೀಪ ಮೊದಲು ಕುರುಡಾಗುತ್ತದೆ. ಆ ಚಳಿಗಾಲದ ರಾತ್ರಿ ನನ್ನ ಬೆರಳು ಹೀಗೆಯೇ ತಡವರಿಸಿ, ಮಿಣಮಿಣ ಹಂತದಲ್ಲಿ ನಿಂತಿತು. ಎರಡು ಕಣ್ಣುಗಳು ಇದ್ದೂ ಇಲ್ಲದಂತೆ ಕಾಣತೊಡಗಿದವು, ಅವು ಹತ್ತಿರ ಬರುತ್ತಿವೆಯೋ ನಿಂತಿವೆಯೋ ತಿಳಿಯದಾಯಿತು. ಮಿಣುಕುವ ಬೆಳಕು ಪ್ರಾಣಿಯನ್ನು ಓಡಿಸುತ್ತದೆ ಎಂದು ಪೆಟ್ಟಿಗೆಯ ಮೇಲೆ ಬರೆದಿದ್ದಾರೆ. ಪ್ರಾಣಿಯ ಮಾತು ಹಾಗಿರಲಿ, ಅದರ ಚಲನೆಯನ್ನು ಅಳೆಯುವ ನಮ್ಮ ಕಣ್ಣಿನ ಶಕ್ತಿಯನ್ನು ಅದು ಮೊದಲು ಕಸಿದುಕೊಳ್ಳುತ್ತದೆ. ಪೂರ್ಣ ಪ್ರಕಾಶಕ್ಕೆಂದೇ ಬೇರೆ ಗುಂಡಿಯಿರುವ, ಅಥವಾ ಗುಂಡಿಯನ್ನು ಒತ್ತಿ ಹಿಡಿದರೆ ನೇರವಾಗಿ ಪೂರ್ಣಕ್ಕೆ ಹೋಗುವ ದೀಪವನ್ನೇ ಕೇಳಿ ಕೊಳ್ಳಿ; ಅಂಗಡಿಯಲ್ಲಿ ಕಣ್ಣು ಮುಚ್ಚಿ ಒತ್ತಿ ನೋಡಿ.

ಅದೇ ಗುಂಡಿಯಿಂದ ಇನ್ನೊಂದು ತೊಂದರೆಯೂ ಆಯಿತು. ಚೀಲದೊಳಗೆ ಊಟದ ಡಬ್ಬಿ ತಾಗಿ ದೀಪ ತಾನಾಗಿ ಹೊತ್ತಿಕೊಂಡು, ಹಗಲೆಲ್ಲ ಉರಿದು, ರಾತ್ರಿ ನಾನು ಬಸ್ಸಿಳಿಯುವಷ್ಟರಲ್ಲಿ ಸತ್ತಿತ್ತು. ಅಂದು ಮೊಬೈಲನ್ನೇ ಹಿಡಿದು, ಅದರ ಬ್ಯಾಟರಿಯೂ ಮುಗಿದರೆ ಯಾರನ್ನೂ ಕರೆಯಲಾಗದು ಎನ್ನುವ ಭಯದಲ್ಲಿ ಆ ಮುಕ್ಕಾಲು ಗಂಟೆ ನಡೆದೆ. ಮೊಬೈಲಿನ ದೀಪ ಹರಡಿ ಬೀಳುತ್ತದೆ, ಐದಾರು ಮೀಟರ್ ಆಚೆಗೆ ಅದರಿಂದ ಪ್ರಯೋಜನವಿಲ್ಲ. ಅದಕ್ಕಿಂತ ಮುಖ್ಯವಾಗಿ, ಮೊಬೈಲ್ ಕರೆ ಮಾಡುವುದಕ್ಕೆ ಉಳಿಯಬೇಕು. ಈಗ ನಾನು ದೀಪದ ಹಿಂಬದಿಯ ಬಿರಡೆಯನ್ನು ಕಾಲು ಸುತ್ತು ಸಡಿಲಿಸಿ ಇಡುತ್ತೇನೆ. ಆಗ ಗುಂಡಿ ಒತ್ತಿದರೂ ಹೊತ್ತುವುದಿಲ್ಲ. ಬ್ಯಾಟರಿ ಎಷ್ಟು ಉಳಿದಿದೆ ಎಂದು ತೋರಿಸುವ ಸಣ್ಣ ದೀಪವೊಂದು ಗುಂಡಿಯ ಕೆಳಗಿದೆ, ಹಸಿರು ಕೆಂಪಾದ ಮೇಲೆ ಅರ್ಧ ಗಂಟೆ ಸಿಗುತ್ತದೆ, ಈ ಮಟ್ಟಿಗೆ ಅದು ನಂಬಿಕಸ್ಥ. ಬೇರೆ ಬ್ಯಾಟರಿಯೊಂದನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿಯೇ ಇಟ್ಟುಕೊಳ್ಳಬೇಕು. ಲಿಥಿಯಂ ಬ್ಯಾಟರಿಯನ್ನು ಬೀಗದ ಕೈಗಳ ಜೊತೆ ಚೀಲಕ್ಕೆ ಹಾಕಿದರೆ ಎರಡು ತುದಿಗಳೂ ಲೋಹಕ್ಕೆ ತಾಗಿ ಬೆಂಕಿ ಹೊತ್ತಿಕೊಳ್ಳಬಹುದು.

ಮಳೆಯನ್ನು ದೀಪ ಚೆನ್ನಾಗಿ ತಡೆದುಕೊಂಡಿದೆ. ನೀರನ್ನು ಎಷ್ಟು ತಡೆಯುತ್ತದೆ ಎಂದು ಹೇಳುವ ದರ್ಜೆಗಳಲ್ಲಿ ಐಪಿಎಕ್ಸ್ 4 ಎಂದರೆ ನೀರು ಎರಚಿದರೆ ಹಾಳಾಗದು ಎಂದಷ್ಟೇ, ಮುಳುಗಿಸಬಾರದು. ಮುಳುಗಿದರೂ ಬಾಳಬೇಕೆಂದರೆ ಐಪಿಎಕ್ಸ್ 7 ಬೇಕು, ಅದು ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆಯ ಲೆಕ್ಕ. ಮಂಜು ಕವಿದ ರಾತ್ರಿ ಮಾತ್ರ ಹಣೆಯ ದೀಪ ಏನೇನೂ ಪ್ರಯೋಜನವಿಲ್ಲ. ಮಂಜಿನ ಹನಿಗಳು ಬೆಳಕನ್ನು ನೇರವಾಗಿ ಕಣ್ಣಿಗೇ ಹಿಂದಿರುಗಿಸಿ, ಎದುರಿಗೆ ಬಿಳಿಯ ಗೋಡೆ ಎದ್ದಂತಾಗುತ್ತದೆ. ಆಗಲೂ ಕೈಗಿಳಿಸಿ ಹಿಡಿಯುವುದೇ ದಾರಿ.

ಹಾಗಾಗಿ ನಾನು ಈಗ ಎರಡು ದೀಪ ಬಳಸುತ್ತೇನೆ. ಈ ತಲೆದೀಪವನ್ನು ಬಿಡಿಸಿ ಎಡಗೈಯಲ್ಲಿ, ತೊಡೆಯ ಮಟ್ಟದಲ್ಲಿ, ನಾಲ್ಕೈದು ಹೆಜ್ಜೆ ಮುಂದಕ್ಕೆ ಬೀಳುವಂತೆ ಹಿಡಿಯುತ್ತೇನೆ. ಹಣೆಯ ಮೇಲೆ ಹಗುರವಾದ ಚಿಕ್ಕದೊಂದು ದೀಪವನ್ನು ಕಟ್ಟಿ, ಹತ್ತು ಹೆಜ್ಜೆಗೊಮ್ಮೆ ಎರಡೂ ಬದಿಯ ಪೊದೆಯಂಚನ್ನು ನೋಡಿಕೊಳ್ಳುತ್ತೇನೆ. ಬಲಗೈಯಲ್ಲಿ ಕೋಲು. ಹೊಡೆಯುವುದಕ್ಕಲ್ಲ, ನೆಲಕ್ಕೆ ಕುಟ್ಟುವುದಕ್ಕೆ. ಹಾವಿಗೆ ಹೊರಗಿವಿಯಿಲ್ಲ, ಆದರೆ ನೆಲದ ಅದುರು ಅದಕ್ಕೆ ಚೆನ್ನಾಗಿ ತಿಳಿಯುತ್ತದೆ. ಆದರೂ ಕೆಲವು ಹಾವುಗಳು, ಮುಖ್ಯವಾಗಿ ಮಂಡಲದ ಹಾವುಗಳು, ಸರಿದು ಹೋಗದೆ ಇದ್ದಲ್ಲಿಯೇ ಇರುತ್ತವಾದ್ದರಿಂದ ಕೋಲಿನ ಸದ್ದನ್ನು ನಂಬಿ ನೆಲ ನೋಡುವುದನ್ನು ಬಿಡುವಂತಿಲ್ಲ. ಕಾಲಿಗೆ ಕಣಕಾಲು ಮುಚ್ಚುವ ಬೂಟು, ದಪ್ಪ ಬಟ್ಟೆಯ ಸಡಿಲ ಪ್ಯಾಂಟು.

ತಿರುವು ಬರುವ ಮೊದಲು ನಾನು ಜೋರಾಗಿ ಮಾತಾಡುತ್ತೇನೆ. ಮೊದಮೊದಲು ನಾಚಿಕೆಯಾಗುತ್ತಿತ್ತು. 2023ರಲ್ಲಿ ದಕ್ಷಿಣ ಆಫ್ರಿಕಾದ ಕ್ರೂಗರ್ ಅರಣ್ಯದ ನೀರಿನ ಹೊಂಡಗಳ ಬಳಿ ನಡೆದ ಅಧ್ಯಯನದ ಫಲಿತಾಂಶ ಓದಿದ ಮೇಲೆ ನಾಚಿಕೆ ಹೋಯಿತು. ಅಲ್ಲಿ ಸಿಂಹದ ಸದ್ದನ್ನೂ ಮನುಷ್ಯರು ಸಹಜವಾಗಿ ಮಾತಾಡುವ ದನಿಯನ್ನೂ ಧ್ವನಿವರ್ಧಕದಲ್ಲಿ ಕೇಳಿಸಿದಾಗ, ಪ್ರಾಣಿಗಳು ಸಿಂಹಕ್ಕಿಂತ ಮನುಷ್ಯರ ಮಾತಿಗೇ ಹೆಚ್ಚಾಗಿ ಓಡಿಹೋದವು. ಆನೆ, ಚಿರತೆಗಳೂ ಸೇರಿ. ಕರಡಿಯಿರುವ ಕಡೆಗಳಲ್ಲಿ ಮಾತು ಇನ್ನೂ ಅಗತ್ಯ, ಏಕೆಂದರೆ ನೆಲ ಕೆದಕಿ ಗೆದ್ದಲು ತಿನ್ನುವುದರಲ್ಲಿ ಮುಳುಗಿದ ಕರಡಿಗೆ ನಾವು ಬಂದದ್ದು ತೀರ ಹತ್ತಿರವಾದ ಮೇಲೆಯೇ ಗೊತ್ತಾಗುತ್ತದೆ, ಬೆಚ್ಚಿದ ಕರಡಿ ಮೈಮೇಲೆ ಬೀಳುತ್ತದೆ. ರಾತ್ರಿ ನಮ್ಮದಲ್ಲ, ಅವುಗಳದು ಎಂದು ಹೇಳುವವರಿದ್ದಾರೆ. ಆದರೆ ಅವುಗಳನ್ನು ರಾತ್ರಿಗೆ ತಳ್ಳಿದವರು ಬಹುಮಟ್ಟಿಗೆ ನಾವೇ. ಆರು ಖಂಡಗಳ 62 ಜಾತಿಯ ಸಸ್ತನಿಗಳ ಬಗೆಗಿನ ಮಾಹಿತಿಯನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟವಾದ ಅಧ್ಯಯನದಂತೆ, ಹಗಲು ರಾತ್ರಿ ಸರಿಸಮನಾಗಿ ಓಡಾಡಬೇಕಿದ್ದ ಪ್ರಾಣಿ ಮನುಷ್ಯರ ಗದ್ದಲವಿರುವ ಕಡೆ ತನ್ನ ಓಡಾಟದ ಶೇ 68ರಷ್ಟನ್ನು ರಾತ್ರಿಗೆ ಸರಿಸಿಕೊಳ್ಳುತ್ತದೆ. ಅವು ನಮ್ಮನ್ನು ತಪ್ಪಿಸಿಕೊಳ್ಳಲು ಹೊರಟಿವೆ. ನಾವು ಸದ್ದು ಮಾಡಿ ಬೆಳಕು ತೋರಿಸಿದರೆ ಆ ಕೆಲಸ ಅವಕ್ಕೆ ಸುಲಭವಾಗುತ್ತದೆ.

ಎಲ್ಲ ಎಚ್ಚರವನ್ನೂ ಮೀರಿ ಹಾವು ಕಚ್ಚಿದರೆ, ದೀಪದಿಂದ ಆಗುವ ಉಪಕಾರ ಸಹಾಯಕ್ಕೆ ಬರುವವರಿಗೆ ನಾವಿರುವ ಜಾಗ ತೋರಿಸುವುದಷ್ಟೇ. ಮಿಣಮಿಣ ಹಂತಕ್ಕೆ ನಾನು ಕಂಡ ಒಳ್ಳೆಯ ಉಪಯೋಗ ಅದೊಂದೇ. ಗಾಯವನ್ನು ಕೊಯ್ಯಬಾರದು, ಚೀಪಬಾರದು, ಬಿಗಿಯಾಗಿ ಕಟ್ಟಬಾರದು. ಉಂಗುರ, ಕಾಲ್ಗೆಜ್ಜೆ ತೆಗೆದು, ಆ ಕಾಲನ್ನು ಆದಷ್ಟು ಅಲುಗಾಡಿಸದೆ, ಕೂಡಲೇ ಕರೆ ಮಾಡಿ ವಿಷನಿರೋಧಕ ಚುಚ್ಚುಮದ್ದು ಇರುವ ಆಸ್ಪತ್ರೆಗೆ ಸೇರಬೇಕು. ಕಟ್ಟುಹಾವು ಕಚ್ಚಿದಾಗ ನೋವು, ಊತ ಇಲ್ಲದಿರಬಹುದು; ಏನೂ ಆಗಿಲ್ಲವೆಂದು ಮನೆಗೆ ಹೋಗಿ ಮಲಗಬಾರದು. ಸಸ್ತನಿ ಪ್ರಾಣಿ ಕಚ್ಚಿದರೆ ಅಥವಾ ಪರಚಿದರೆ, ಗಾಯವನ್ನು ಸೋಪು ನೀರಿನಿಂದ 15 ನಿಮಿಷ ತೊಳೆದು, ರೇಬಿಸ್ ಚುಚ್ಚುಮದ್ದಿಗೆ ಅಂದೇ ಹೋಗಬೇಕು.

ಐದಕ್ಕೆ ಎಷ್ಟು ಅಂಕ ಎಂದರೆ, ನಾನು ಮೂರೂವರೆ ಕೊಡುತ್ತೇನೆ. ಬೆಳಕಿಗೆ, ಗಟ್ಟಿತನಕ್ಕೆ, ಪಟ್ಟಿಯಿಂದ ಬಿಡಿಸಿ ಕೈಯಲ್ಲಿ ಹಿಡಿಯಬಹುದಾದ ಅನುಕೂಲಕ್ಕೆ ಪೂರ್ಣ ಅಂಕ; ಗುಂಡಿಗೆ ಒಂದು, ತಣ್ಣನೆಯ ಬಣ್ಣಕ್ಕೆ ಅರ್ಧ ಕಳೆದಿದ್ದೇನೆ. ಪಟ್ಟಿಯಿಂದ ಬಿಡಿಸಲಾಗದ ತಲೆದೀಪವನ್ನು ಎಷ್ಟೇ ಹೊಗಳಿದರೂ ಒಬ್ಬರೇ ನಡೆಯುವವರು ಕೊಳ್ಳಬೇಡಿ. ಈಗಾಗಲೇ ಕೊಂಡಿದ್ದರೆ, ಅದನ್ನು ಹಣೆಯಿಂದ ತೆಗೆದು ಪಟ್ಟಿಯ ಸಮೇತ ಅಂಗೈಗೆ ಎರಡು ಸುತ್ತು ಸುತ್ತಿ, ಕೈ ಇಳಿಬಿಟ್ಟು ಮನೆಯಂಗಳದಲ್ಲಿ ಒಮ್ಮೆ ನಡೆದು ನೋಡಿ. ನೆಲದ ಮೇಲೆ ಒಂದು ಹಗ್ಗದ ತುಂಡನ್ನು ಎಲೆಗಳ ನಡುವೆ ಹಾಕಿ, ಮೊದಲು ಹಣೆಯ ದೀಪದಲ್ಲಿ, ಆಮೇಲೆ ಕೈಯ ದೀಪದಲ್ಲಿ ಅದು ಎಷ್ಟು ಹೆಜ್ಜೆ ಮೊದಲೇ ಕಾಣುತ್ತದೆ ಎಂದು ಎಣಿಸಿ. ನನಗೆ ಹಣೆಯ ದೀಪದಲ್ಲಿ ಮೂರು ಹೆಜ್ಜೆಗೆ ಕಂಡಿತು, ಕೈಯ ದೀಪದಲ್ಲಿ ಒಂಬತ್ತಕ್ಕೆ.